ನಮ್ಮ ಟಾಕೀಸಿನ ಮೆಟ್ಟಿಲು

ಅಪ್ಪ,

ನಮ್ಮ ಟಾಕೀಸಿನಲ್ಲೇ ಶೂಟಿಂಗ್ ಆಗಿತ್ತು ಎಂದು ನೀನಿದ್ದಾಗ ಹೇಳುತ್ತಿದ್ದ ಆ ಕಪ್ಪುಬಿಳುಪು ಸಿನಿಮಾ ಕೊನೆಗೂ ಸಿಕ್ಕಿತು. ಇವತ್ತು ಮಧ್ಯಾಹ್ನ ಲ್ಯಾಪ್‌ಟಾಪಿನಲ್ಲಿ ಹಾಕಿದೆ. ಅಮ್ಮ ಪಕ್ಕದಲ್ಲೇ ಬಟ್ಟೆ ಮಡಿಸುತ್ತಾ ಕೂತಿದ್ದಳು. ನೀನು ಆ ಮಾತು ತೆಗೆದಾಗಲೆಲ್ಲ, "ಅಲ್ಲಿ ರೀಲು ಸುತ್ತೋದು ಸಾಲದು ಅಂತ ಮನೇಲೂ ರೀಲು ಬಿಡ್ತಾರೆ" ಅನ್ನುತ್ತಿದ್ದಳಲ್ಲ, ಇವತ್ತೂ ಅದನ್ನೇ ಅನ್ನುತ್ತಾಳೆ ಅಂದುಕೊಂಡಿದ್ದೆ.

ಕೋರ್ಟಿನ ದೃಶ್ಯ ಬಂತು. ನೀನು ಹೇಳಿದ ಹಾಗೇ ಅದು ಕೋರ್ಟಲ್ಲ, ಟಾಕೀಸು. ಗೋಡೆಯ ಮೇಲಿನ ಪೋಸ್ಟರ್ ಚೌಕಟ್ಟುಗಳಿಗೆ ಬಟ್ಟೆ ಹೊದಿಸಿದ್ದರು. ವಕೀಲ ಬಾಲ್ಕನಿಯ ಮೆಟ್ಟಿಲು ಹತ್ತುತ್ತಾ ನಡುವಿನ ತಿರುವಿನಲ್ಲಿ ಎಡಕ್ಕೆ ತಿರುಗಿದ. ನಮ್ಮ ಟಾಕೀಸಿನ ಮೆಟ್ಟಿಲು ತಿರುಗುತ್ತಿದ್ದದ್ದು ಬಲಕ್ಕೆ. ಆಪರೇಟರ್ ರೂಮಿಗೆ ನಿನ್ನ ಊಟ ತಂದಾಗಲೆಲ್ಲ ನಾನು ಆ ತಿರುವಿನಲ್ಲೇ ಕೂತು ಕಾಯುತ್ತಿದ್ದೆ.

ಅಮ್ಮನ ಕೈ ನಿಂತಿತು. "ನಮ್ಮದೇ ಕಣೆ. ಆ ಬಾಲ್ಕನಿ ಬಾಗಿಲ ಹಿಂದೆ ಲೈಟ್ ಹಿಡ್ಕೊಂಡು ನಿಂತಿದ್ರಂತೆ ನಿಮ್ಮಪ್ಪ. ನಾನೇ ನಂಬ್ಲಿಲ್ಲ."

ನಾನು ಆ ಮೆಟ್ಟಿಲನ್ನೇ ನೋಡುತ್ತಿದ್ದೆ.

"ಹೌದೋ ಅಲ್ವೋ ಹೇಳೇ. ಅಲ್ಲೇ ಬೆಳೆದವಳು ನೀನು."

"ಹೌದಮ್ಮ, ನಮ್ಮದೇ."

"ಇನ್ನೊಂದ್ಸಲ ಹಾಕು. ತಾಳು, ಕನ್ನಡಕ ತರ್ತೀನಿ. ಬಾಗಿಲ ಸಂದೀಲಿ ಕಂಡ್ರೂ ಕಾಣ್ಬಹುದು ಅವರು."

ಮಡಿಲಿನ ಬಟ್ಟೆಯನ್ನೆಲ್ಲ ಹಾಸಿಗೆಯ ಮೇಲೆ ಸುರಿದು ಒಳಗೆ ಹೋದಳು. ನಾನು ಸಿನಿಮಾವನ್ನು ಹಿಂದಕ್ಕೆ ಓಡಿಸಿ, ವಕೀಲ ಇನ್ನೂ ಮೆಟ್ಟಿಲು ಹತ್ತುತ್ತಿರುವ ಕಡೆ ನಿಲ್ಲಿಸಿಕೊಂಡು ಅವಳಿಗಾಗಿ ಕಾದೆ.