ಅಕ್ಕನ ಕೈಗೆ ಬಂದ ರಿಮೋಟು

ಮಂಗಳವಾರ, ಮಾರ್ಚ್ ೧೧

ನನ್ನ ಸೊಂಟ ಇವತ್ತು ಸೇವೆಯಿಂದ ನಿವೃತ್ತವಾಯಿತು. ಬೀಳ್ಕೊಡುಗೆ ಭಾಷಣವಿಲ್ಲ, ಮುಲಾಮು ಮಾತ್ರ.

ಅಪಘಾತವಾದಾಗಿನಿಂದ ಅಕ್ಕನನ್ನು ಕಾಲಿನ ವ್ಯಾಯಾಮಕ್ಕೆಂದು ಕ್ಲಿನಿಕ್ಕಿನ ಬಿಸಿನೀರಿನ ಕೊಳಕ್ಕೆ ಇಳಿಸುತ್ತಿದ್ದವರು ನಾನು ಮತ್ತು ಅಲ್ಲಿಯ ಆಯಾ, ಆಚೆಗೊಂದು ಕಂಕುಳು, ಈಚೆಗೊಂದು ಕಂಕುಳು ಹಿಡಿದು. ಎತ್ತಿದಾಗಲೆಲ್ಲ ಅಕ್ಕ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಹೋದ ವಾರ ಹೇಳಿಯೇಬಿಟ್ಟಳು: "ಇನ್ನು ಬರಲ್ಲ ಕಣೋ. ಕಾಲು ಹೋದ್ರೆ ಹೋಗ್ಲಿ, ಪ್ರತಿ ಸಲ ಮೂಟೆ ಆಗೋಕೆ ನನ್ ಕೈಲಾಗಲ್ಲ."

ಇದೊಂದೇ ಸಲ ಎಂದು ಕಾಡಿಬೇಡಿ ಇವತ್ತು ಕರೆದುಕೊಂಡು ಹೋದರೆ ಕೊಳದ ಅಂಚಿನಲ್ಲಿ ಹೊಸ ಕುರ್ಚಿ! ಬಟನ್ ಒತ್ತಿದರೆ ತಾನೇ ನೀರಿಗೆ ಇಳಿಯುತ್ತದೆ. ಆದರೆ ಆ ಬಟನ್ನಿನ ರಿಮೋಟು ಹಿಂದಿನ ಗೋಡೆಯಲ್ಲಿ ನೇತಾಡುತ್ತಿತ್ತು. ಅದರ ತಪಾಸಣೆಗೆ ಬಂದಿದ್ದ ಮಹಿಳಾ ಅಧಿಕಾರಿ ಒಪ್ಪಲಿಲ್ಲ. ಕುರ್ಚಿಯಲ್ಲಿ ಕೂತವರ ಕೈಗೇ ಅದು ಎಟುಕಬೇಕು, ಅದು ನಿಯಮ ಎಂದರು.

"ಒತ್ತೋಕೆ ಆಯಾ ಇದ್ದಾಳಲ್ಲ ಮೇಡಂ" ಎಂದು ಡಾಕ್ಟರು ರಾಗ ಎಳೆದರು.

ಅಕ್ಕ ಸುಮ್ಮನಿರುವವಳೇ? "ನಿಮ್ಮನೆ ಬಚ್ಚಲ ಚಿಲಕಾನೂ ಆಯಾನೇ ಹೊರಗಿಂದ ಹಾಕ್ತಾಳಾ ಡಾಕ್ಟ್ರೇ?"

ಡಾಕ್ಟರು ಫೋನು ತೆಗೆದು ಮೆಕ್ಯಾನಿಕ್ಕನ್ನು ಕರೆದರು. ಅವನು ಬಂದು ರಿಮೋಟನ್ನು ಕುರ್ಚಿಯ ತೋಳಿಗೆ ಕೂರಿಸಿದ. ಗಾಲಿಕುರ್ಚಿಯಿಂದ ಅದಕ್ಕೆ ಜಾರಿ ಕೂತು ಅಕ್ಕ ತಾನೇ ಬಟನ್ ಒತ್ತಿದಳು. ನಾನು ಅಭ್ಯಾಸಬಲದಿಂದ ಕೈ ಚಾಚಿದೆ.

"ಲೋ, ಆಚೆ ನಿಂತ್ಕೋ. ಅಡ್ಡ ಬರ್ಬೇಡ."

ಬೈಸಿಕೊಂಡು ಮನಸ್ಸು ಇಷ್ಟು ಹಗುರವಾದದ್ದು ಇದೇ ಮೊದಲು. ನೀರು ಎದೆಮಟ್ಟ ಬರುವವರೆಗೂ ಅಕ್ಕನ ಕಣ್ಣು ತೆರೆದೇ ಇತ್ತು. ಗುರುವಾರ ಎಷ್ಟು ಹೊತ್ತಿಗೆ ಬರಬೇಕೆಂದು ಆಯಾಳನ್ನು ಅವಳೇ ಕೇಳಿದಳು. ನಾನು ಮುಖ ತಿರುಗಿಸಿಕೊಂಡು, ಕಣ್ಣಿಗೆ ನೀರು ಸಿಡಿಯಿತೆಂದು… ಸಾಕು, ನಿದ್ದೆ ಬರುತ್ತಿದೆ.