ಸಾಕು ಅನ್ನದ ಹುಡುಗಿ

ಭಾನುವಾರ, ಮಧ್ಯಾಹ್ನ

ಚಿಕ್ಕಮ್ಮ,

ಮೊದಲು ಕನ್ನಡಕ ಹಾಕಿಕೋ, ಆಮೇಲೆ ಕೂತುಕೋ. ಇದು ನಿಂತುಕೊಂಡು ಓದುವ ಪತ್ರವಲ್ಲ. ಹೇಗಿದ್ದೀಯ, ಸೊಂಟ ನೋವು ಕಡಿಮೆಯಾಯಿತಾ ಅಂತ ಕೇಳುವುದಕ್ಕೂ ನನಗೆ ಮುಖವಿಲ್ಲ. ಹೋದ ವರ್ಷ ನಿನ್ನ ಅಡುಗೆಮನೆಯಿಂದ ದುಮುದುಮು ಅಂತ ಎದ್ದು ಬಂದವಳು, ಇವತ್ತು ಬರೆಯುತ್ತಿದ್ದೇನೆ. ಫೋನ್ ಮಾಡೋಣವೆಂದರೆ ನಿನ್ನ ಎರಡು ಕಿವಿಯನ್ನೂ ಮಗ್ಗದ ಶೆಡ್ಡು ತಿಂದುಹಾಕಿದೆ. ನಿನಗೆ ಕೇಳುವ ಹಾಗೆ ಕೂಗಿದರೆ ನನ್ನ ತೂಕ ಎಷ್ಟು ಅಂತ ನಿಮ್ಮ ಬೀದಿಗೂ ನಮ್ಮ ಬೀದಿಗೂ ಗೊತ್ತಾಗಿಬಿಡುತ್ತದೆ. ಅದಕ್ಕೇ ಬಸ್ಸಿನ ಡ್ರೈವರ್ ಮಾಮನ ಕೈಲಿ ಈ ಪತ್ರ.

ವಿಷಯ ಹೇಳಿಬಿಡುತ್ತೇನೆ. ಗುರುವಾರ ಆಸ್ಪತ್ರೆ ಸೇರುತ್ತಿದ್ದೇನೆ, ಶುಕ್ರವಾರ ಆಪರೇಷನ್. ಹೌದು, ಅದೇ. ನೀನು ಬೇಡ ಅಂದಿದ್ದೇ. ಹೊಟ್ಟೆಯ ಚೀಲವನ್ನು ಕತ್ತರಿಸಿ ಸಣ್ಣದು ಮಾಡುತ್ತಾರೆ. ಬೈಯುವುದಿದ್ದರೆ ಇಲ್ಲೇ ಒಂದು ಸಲ ಬೈದುಬಿಡು, ಆಮೇಲೆ ಮುಂದೆ ಓದು.

ಚೆಂದ ಕಾಣಬೇಕು ಅಂತ ಮಾಡಿಸಿಕೊಳ್ಳುತ್ತಿಲ್ಲ ಚಿಕ್ಕಮ್ಮ. ಆ ಆಸೆ ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತದೆ, ಆದರೆ ಅದಕ್ಕಲ್ಲ. ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗುತ್ತಿಲ್ಲ. ನನ್ನ ಫೋಟೋ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದರೆ ಗಿರಾಕಿಗೆ ಬನ್ನಿ ಅನ್ನುವಷ್ಟು ಉಸಿರೂ ಉಳಿದಿರುವುದಿಲ್ಲ. ನಿದ್ದೆಯಲ್ಲಂತೂ ಉಸಿರು ನಿಂತು ನಿಂತು ಬರುತ್ತದೆ. ಈಗ ಮೂಗಿಗೆ ಒಂದು ಮೆಷೀನು ಕಟ್ಟಿಕೊಂಡು ಮಲಗುತ್ತೇನೆ. ಅದರ ಕೊಳವೆ ಥೇಟ್ ಸೊಂಡಿಲು. ಆನೆ ಅಂತ ಶಾಲೆಯಲ್ಲಿ ಕರೆದವರೆಲ್ಲ ಬಂದು ನೋಡಬೇಕು, ಈಗ ವೇಷ ಪೂರ್ತಿಯಾಗಿದೆ.

ಈಗ ಮಂಚದ ಮೇಲೆ ಬ್ಯಾಗು ಬಾಯಿ ತೆರೆದುಕೊಂಡು ಕೂತಿದೆ. ಅದರ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಮುಂದೆ ಗುಂಡಿ ಇರುವ ಸಡಿಲ ನೈಟಿಗಳು, ಬಗ್ಗದೆ ಹಾಕಿಕೊಳ್ಳುವ ಚಪ್ಪಲಿ, ತುಟಿಗೆ ಹಚ್ಚುವ ಮುಲಾಮು. ನೀರು ಕುಡಿಯಲು ಬಿಡುವವರೆಗೂ ತುಟಿ ಒಡೆಯುತ್ತದಂತೆ. ಸೊಂಡಿಲಿನ ಮೆಷೀನನ್ನೂ ತರಲು ಹೇಳಿದ್ದಾರೆ. ಒಂದು ಪುಟ್ಟ ದಿಂಬು ಕೂಡ ಇಟ್ಟುಕೊಂಡೆ. ಕೆಮ್ಮು ಬಂದರೆ ಹೊಟ್ಟೆಗೆ ಒತ್ತಿ ಹಿಡಿದುಕೊಳ್ಳಬೇಕಂತೆ, ಇಲ್ಲದಿದ್ದರೆ ಹೊಲಿಗೆ ಚುರ್ ಅನ್ನುತ್ತದೆ. ಉಗುರಿನ ಬಣ್ಣ ಅಳಿಸಿ ಬರಬೇಕು, ಉಂಗುರ ಮನೆಯಲ್ಲೇ ಬಿಟ್ಟು ಬರಬೇಕು. ಉಂಗುರ ಬರಲಿಲ್ಲ. ಸೋಪು ಹಚ್ಚಿ ತಿರುಗಿಸಿ ತಿರುಗಿಸಿ, ಕೊನೆಗೆ ನಮ್ಮ ಸ್ಟುಡಿಯೋದಲ್ಲಿ ಫೋಟೋಗೆ ಫ್ರೇಮ್ ಹಾಕುವ ಮಾಮ ತನ್ನ ಇಕ್ಕುಳದಿಂದ ಕತ್ತರಿಸಿಕೊಟ್ಟ. ಬೆರಳಿನಲ್ಲಿ ಬಿಳೀ ಪಟ್ಟೆ ಉಳಿದಿದೆ.

ಒಂದು ನಗೆಪಾಟಲಿನ ಸಂಗತಿ ಹೇಳುತ್ತೇನೆ, ನಗಬೇಡ. ವಾಪಸು ಬರುವ ದಿನಕ್ಕೆ ಅಂತ ನನ್ನ ಹಳೆಯ ನೀಲಿ ಉಡುಪು ಮಡಚಿ ಇಟ್ಟಿದ್ದೆ, ಕಾಲೇಜಿನಲ್ಲಿ ಹಾಕುತ್ತಿದ್ದದ್ದು. ಏನೇನು ತರಬೇಕು ಅಂತ ಕೇಳಲು ಹೋದಾಗ ನರ್ಸಮ್ಮನಿಗೆ ಅದನ್ನೂ ಹೇಳಿದೆ. ಆಕೆ ನನ್ನ ಕೈ ಹಿಡಿದುಕೊಂಡು, ತಾಯಿ, ಇಲ್ಲಿಂದ ಯಾರೂ ಸಣ್ಣಗಾಗಿ ಹೋಗುವುದಿಲ್ಲ, ಹೋಗುವ ದಿನ ಹೊಟ್ಟೆ ಊದಿಕೊಂಡು ಇನ್ನೂ ದಪ್ಪಗಿರುತ್ತದೆ, ಇದ್ದುದರಲ್ಲೇ ದೊಡ್ಡ ಬಟ್ಟೆ ತನ್ನಿ ಅಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಮನೆಗೆ ಬಂದು ನೀಲಿಯನ್ನು ತೆಗೆದು ಬೀರುವಿಗೆ ಹಾಕುವಾಗ ಮಾತ್ರ ನಗು ಬರಲಿಲ್ಲ.

ಡಾಕ್ಟರು ಈಗಿನದೊಂದು ಫೋಟೋ ಬೇಕು ಅಂದರು, ತಲೆಯಿಂದ ಕಾಲಿನವರೆಗೆ. ಊರವರ ಗಲ್ಲವನ್ನೆಲ್ಲ ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಅಂತ ತಿರುಗಿಸಿ ಹೊಟ್ಟೆ ಹೊರೆಯುವವಳ ಹತ್ತಿರ ತನ್ನದೇ ಒಂದು ಫೋಟೋ ಇರಲಿಲ್ಲ ನೋಡು. ಕ್ಯಾಮೆರಾ ಹಿಂದೆ ನಿಲ್ಲುವ ಕೆಲಸ ನಾನು ಯಾಕೆ ಹಿಡಿದೆ ಅಂತ ಈಗ ಗೊತ್ತಾಯಿತು. ಟೈಮರ್ ಇಟ್ಟು ಓಡಿಹೋಗಿ ಪರದೆಯ ಮುಂದೆ ನಿಂತೆ. ಮೊದಲನೆಯದರಲ್ಲಿ ನಾನಿನ್ನೂ ಓಡುತ್ತಲೇ ಇದ್ದೆ. ಎರಡನೆಯದು ಪರವಾಗಿಲ್ಲ.

ಇಷ್ಟೇ ಆಗಿದ್ದರೆ ನಿನಗೆ ಬರೆಯುತ್ತಿರಲಿಲ್ಲ. ಆಪರೇಷನ್ ಮುಗಿಸಿಕೊಂಡು ಆಮೇಲೆ ತಿಳಿಸುತ್ತಿದ್ದೆ, ನೀನು ಇನ್ನೊಂದು ವರ್ಷ ಮಾತು ಬಿಡುತ್ತಿದ್ದೆ. ಆದರೆ ಹೋದ ವಾರ ಒಂದು ಘಟನೆ ನಡೆಯಿತು.

ಆಪರೇಷನ್ ಆದಮೇಲೆ ಏನು ಉಣ್ಣಬೇಕು, ಹೇಗೆ ಉಣ್ಣಬೇಕು ಅಂತ ಹೇಳಿಕೊಡಲು ಅಲ್ಲೊಬ್ಬ ಮೇಡಂ ಇದ್ದಾರೆ. ತೆಳ್ಳಗೆ ಕಡ್ಡಿಯ ಹಾಗಿದ್ದಾರೆ, ಆದರೂ ಒಳ್ಳೆಯವರು. ಹೊಸ ಹೊಟ್ಟೆ ಅಂಗೈಯಷ್ಟೂ ಇರುವುದಿಲ್ಲ, ತುಂಬಿತು ಅನ್ನಿಸಿದ ತಕ್ಷಣ ಚಮಚ ಕೆಳಗಿಟ್ಟು ಬಾಯಿಬಿಟ್ಟು ಸಾಕು ಅನ್ನಬೇಕು, ಒಂದು ತುತ್ತು ಮೀರಿದರೂ ವಾಂತಿ ಅಂದರು. ಎಲ್ಲಿ, ಒಮ್ಮೆ ಹೇಳಿ ನೋಡೋಣ ಅಂದರು. ಆಟದ ಹಾಗೆ ಖಾಲಿ ಬಟ್ಟಲು, ಖಾಲಿ ಚಮಚ.

ನನಗೆ ಹೇಳಲಾಗಲಿಲ್ಲ ಚಿಕ್ಕಮ್ಮ. ಮೂರಕ್ಷರವೂ ಇಲ್ಲದ ಮಾತು. ಬಾಯಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ. ಅವರು ಗಂಟಲ ತೊಂದರೆ ಅಂದುಕೊಂಡು ನೀರು ತರಿಸಿದರು. ನಾನು ಆ ಖಾಲಿ ಬಟ್ಟಲಿನ ಮುಂದೆ ಕೂತು ಗೊಳೋ ಅಂತ ಅತ್ತುಬಿಟ್ಟೆ. ನೀನೇ ಯೋಚನೆ ಮಾಡು, ಇಷ್ಟು ವರ್ಷ ಬಡಿಸಿದ್ದೀಯಲ್ಲ, ಒಂದು ದಿನವಾದರೂ ನನ್ನ ಬಾಯಿಂದ ಆ ಮಾತು ಕೇಳಿದ್ದೀಯಾ? ಅಣ್ಣಂದಿರಿಬ್ಬರೂ ತಟ್ಟೆಗೆ ಕೈ ಅಡ್ಡ ಹಿಡಿದು ಸಾಕಮ್ಮ ಸಾಕು ಅಂತ ಕೂಗುತ್ತಿದ್ದರು. ನಾನು ಹಾಕಿದ್ದನ್ನು ತಿನ್ನುತ್ತಿದ್ದೆ, ಮತ್ತೆ ಹಾಕಿದ್ದನ್ನೂ ತಿನ್ನುತ್ತಿದ್ದೆ.

ಯಾಕೆ ಅಂತ ಇವತ್ತು ಹೇಳುತ್ತೇನೆ. ಅಮ್ಮ ಹೋದಮೇಲೆ ನನ್ನನ್ನು ನಿಮ್ಮ ಮನೆಗೆ ಕರೆತಂದ ದಿನ, ನೀನು ಅಡುಗೆಮನೆಯ ಪಕ್ಕದಲ್ಲಿ ಚಾಪೆ ಹಾಕಿ ಮಲಗಿಸಿದ್ದೆ. ನಿದ್ದೆ ಬಂದಿರಲಿಲ್ಲ. ಚಿಕ್ಕಪ್ಪ ಶೆಡ್ಡಿನಿಂದ ಬಂದರು. ಮಗ್ಗದವರ ಪಿಸುಮಾತೂ ಕೂಗಿದ ಹಾಗೇ ಇರುತ್ತದಲ್ಲ. ಮಾತೆಲ್ಲ ತಿಳಿಯಲಿಲ್ಲ, ಒಂದೇ ಒಂದು ಸ್ಪಷ್ಟವಾಗಿ ಕೇಳಿತು: ಸಾಕು. ಆಮೇಲೆ ಏನೋ ಬಿದ್ದ ಸದ್ದು. ಮಾರನೆಯ ಬೆಳಿಗ್ಗೆ ನೀನು ತಲೆ ಬಾಚುತ್ತಿದ್ದಾಗ, ಚಿಕ್ಕಪ್ಪ ರಾತ್ರಿ ಯಾಕೆ ಸಾಕು ಅಂದರು ಅಂತ ಕೇಳಿದೆ. ನಿನ್ನ ಕೈ ಒಂದು ಕ್ಷಣ ನಿಂತಿತು. ಅಯ್ಯೋ ಹುಚ್ಚಿ, ಅದು ಆ ಸಾಕು ಅಲ್ಲ, ಪುಟ್ಟಿಯನ್ನ ಚೆನ್ನಾಗಿ ಸಾಕು, ಸಾಕಿ ದೊಡ್ಡವಳನ್ನ ಮಾಡು ಅಂತ ನನಗೆ ಹೇಳಿದರು ಅಂದೆ ನೀನು.

ಮುಕ್ಕಾಲು ಪಾಲು ನಂಬಿದೆ. ಕಾಲು ಪಾಲು ನಂಬಲಿಲ್ಲ. ಏಳು ವರ್ಷದ ತಲೆಗೆ ಹೊಳೆದದ್ದು ಇಷ್ಟೇ: ಇದು ಅಪಾಯದ ಮಾತು. ಒಂದು ಕಡೆಯಿಂದ ನೋಡಿದರೆ ಮನೆಯಲ್ಲಿ ಇಟ್ಟುಕೊಳ್ಳುತ್ತದೆ, ಇನ್ನೊಂದು ಕಡೆಯಿಂದ ನೋಡಿದರೆ ಹೊರಗೆ ಹಾಕುತ್ತದೆ. ನಾನು ಸಾಕು ಅಂದರೆ ನೀನು ಸಾಕುವುದನ್ನು ನಿಲ್ಲಿಸಿಬಿಟ್ಟರೆ? ಅದಕ್ಕೇ ಬಾಯಿಗೇ ತರಲಿಲ್ಲ. ಆಮೇಲೆ ಅದೇ ಅಭ್ಯಾಸವಾಯಿತು, ಅಭ್ಯಾಸ ಮೈಯಾಯಿತು.

ನಿನ್ನ ಅಡುಗೆಯಿಂದ ಹೀಗಾಯಿತು ಅಂತ ನಾನು ಹೇಳುತ್ತಿಲ್ಲ. ಹೋದ ವರ್ಷ ನೀನು ಪಾತ್ರೆಗೆ ಮುಚ್ಚಳ ಹಾಕಿ, ನನ್ನ ಕೈ ಊಟ ನಿನಗೆ ರೋಗವಾಯಿತಾ ಅಂತ ಕೇಳಿದಾಗಲೇ ಇದನ್ನು ಹೇಳಬೇಕಿತ್ತು. ಸಿಟ್ಟು ಬಂತು, ಎದ್ದು ಬಂದೆ. ನಿನ್ನ ಕೈ ಊಟ ಬಿಟ್ಟರೆ ನನಗೆ ಇನ್ನೇನು ಗೊತ್ತಿತ್ತು ಹೇಳು? ನನ್ನ ಭಯವೇ ಅದು. ಇನ್ನು ಮೇಲೆ ನಿನ್ನ ಮನೆಗೆ ಬಂದು ನಾಲ್ಕು ಚಮಚ ತಿಂದು ಎದ್ದರೆ, ನಿನಗೂ ನನಗೂ ನಡುವೆ ಏನು ಉಳಿಯುತ್ತದೆ? ಚಾಕುವಿಗೆ ನಾನು ಅಷ್ಟು ಹೆದರುತ್ತಿಲ್ಲ, ಆಣೆಗೂ.

ಆಸ್ಪತ್ರೆಯಲ್ಲಿ ಜೊತೆಗೆ ಒಬ್ಬರು ಇರಲೇಬೇಕು. ಫ್ರೇಮ್ ಮಾಮನ ಹೆಂಡತಿ ತಾನಿರುತ್ತೇನೆ ಅಂದಿದ್ದಾಳೆ. ನೀನು ಬಾರದಿದ್ದರೂ ನಾನು ಹೋಗುತ್ತೇನೆ, ಬೆದರಿಕೆ ಹಾಕುತ್ತಿಲ್ಲ. ಆದರೆ ಕಣ್ಣು ಬಿಟ್ಟಾಗ ನೀನಿರಬೇಕು ಅಂತ ಆಸೆ. ಬುಧವಾರ ಡ್ರೈವರ್ ಮಾಮ ವಾಪಸು ಬರುವಾಗ ಹೂಂ ಅಥವಾ ಊಹೂಂ ಕಳಿಸು.

ನಿನ್ನ,
ನೂರು ಕಿಲೋ ದಾಟಿದರೂ ಇನ್ನೂ ಪುಟ್ಟಿಯೇ ಆಗಿರುವ
ಪುಟ್ಟಿ

ತಾ.ಕ.: ಬ್ಯಾಗಿನ ತಳದಲ್ಲಿ ಒಂದು ಬಿಸ್ಕತ್ ಪೊಟ್ಟಣ ಇಟ್ಟಿದ್ದೇನೆ. ತಿನ್ನುವುದಕ್ಕಲ್ಲ, ಎರಡು ವಾರದಿಂದ ನೀರಿನಂಥದ್ದು ಬಿಟ್ಟು ಬೇರೇನೂ ಮುಟ್ಟಿಲ್ಲ. ಇರಲಿ ಅಂತ, ಧೈರ್ಯಕ್ಕೆ.


ಮಂಗಳವಾರ, ಬೆಳಿಗ್ಗೆ

ಪುಟ್ಟೀ,

ಕನ್ನಡಕ ಹಾಕ್ಕೊಂಡೇ ಓದಿದೆ. ನೀನು ಬೈ ಅಂದ ಜಾಗದಲ್ಲಿ ಚೆನ್ನಾಗಿ ಬೈದೆ, ಪಕ್ಕದ ಮನೆಯವಳು ಏನಾಯ್ತು ಅಂತ ಓಡಿ ಬಂದಳು. ಅವಳಿಗೆ ಇಲಿ ಅಂದೆ.

ಮೊದಲನೇ ಸಲ ಓದಿ ಸಿಟ್ಟು ಬಂತು, ಪತ್ರ ಮಡಚಿ ಡಬ್ಬಿಯೊಳಗೆ ಹಾಕಿ ಪಾತ್ರೆ ತೊಳೆಯೋಕೆ ಕೂತೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೀತಿದ್ದೆ. ಎದ್ದು ಬಂದು ಮತ್ತೆ ಓದಿದೆ. ಆಮೇಲೆ ಸಿಟ್ಟು ಬರಲಿಲ್ಲ ಕಣೇ, ಪೆನ್ನು ಹುಡುಕಿ ಬರೆಯೋಕೆ ಕೂತೆ.

ನಾನು ಯಾಕೆ ಹಾಗೆ ಸುರೀತಿದ್ದೆ ಅಂತ ನೀನು ಕೇಳಲಿಲ್ಲ, ಆದರೂ ಹೇಳ್ತೀನಿ. ನಿನ್ನನ್ನ ಕರ್ಕೊಂಡು ಬೀದಿಗೆ ಹೋದರೆ ಹೆಂಗಸರ ಕಣ್ಣು ಮೊದಲು ನಿನ್ನ ಮಣಿಕಟ್ಟಿನ ಮೇಲೆ ಬೀಳ್ತಿತ್ತು. ಅಕ್ಕನ ಮಗಳು ಬಡಕಲಾಗಿದ್ದರೆ ಚಿಕ್ಕಮ್ಮ ಊಟ ಹಾಕಲ್ಲ ಅಂತಾರೆ. ಅದೊಂದು ಭಯ. ಇನ್ನೊಂದು, ಅವೆರಡು ಕೋತಿಗಳು ಸಾಕು ಅಂತ ಎದ್ದು ಓಡ್ತಿದ್ದವು, ನೀನು ಮಾತ್ರ ತಟ್ಟೆ ನೋಡ್ತಾ ಕೂತೇ ಇರ್ತಿದ್ದೆ. ಅಮ್ಮನಿಲ್ಲದ ಮಗು, ಇದರ ಹಸಿವು ಬೇರೆ ಥರ, ಹಿಂಗೋದೇ ಇಲ್ಲ ಅಂತ ನಾನು ತಿಳ್ಕೊಂಡೆ. ನಮ್ಮ ಪುಟ್ಟಿ ಸಾಕು ಅನ್ನೋದೇ ಇಲ್ಲ ಅಂತ ಬೀದಿಯೆಲ್ಲ ಹೆಮ್ಮೆಯಿಂದ ಹೇಳ್ಕೊಂಡು ತಿರುಗಿದೆ. ನೀನು ಹಸಿದಿರಲಿಲ್ಲ, ಹೆದರಿದ್ದೆ. ಎದುರಿಗೇ ಕೂತು ಬಡಿಸ್ತಿದ್ದೋಳಿಗೆ ಅದು ಕಾಣಲಿಲ್ಲವಲ್ಲ. ನೀನು ನನ್ನ ಖುಷಿಗೆ ತಿಂದೆ, ನಾನು ನಿನ್ನ ಹಸಿವಿಗೆ ಹಾಕಿದೆ, ಇಬ್ಬರೂ ಸೇರಿ ಎಂಥ ಕೆಲಸ ಮಾಡಿದ್ವಿ ನೋಡು.

ನಾಳೆ ಡ್ರೈವರ್ ಕೈಲಿ ಹೂಂ ಕಳಿಸಲ್ಲ, ನಾನೇ ಆ ಬಸ್ಸು ಹತ್ತಿ ಬರ್ತೀನಿ. ಈ ಪತ್ರ ನನ್ನ ಕೈಯಿಂದಲೇ ಕೊಡ್ತೀನಿ. ಎದುರಿಗೆ ಕೂತು ಹೇಳೋಕೆ ಬಾಯಿ ಬರಲ್ಲ, ಅದಕ್ಕೇ ಬರೆದೆ. ಫ್ರೇಮಿನವರ ಹೆಂಡತಿಗೆ ಥ್ಯಾಂಕ್ಸ್ ಹೇಳಿ ಮನೆಗೆ ಕಳಿಸು. ನಿನ್ನ ಗೊರಕೆಯೂ ಕೇಳದ, ಮೆಷೀನಿನ ಸದ್ದೂ ಕೇಳದ ಜೊತೆಗಾತಿ ನಿನಗೆ ಇನ್ನೆಲ್ಲಿ ಸಿಗ್ತಾಳೆ? ಬಿಸ್ಕತ್ ಪೊಟ್ಟಣ ತೆಗೆದು ಪಕ್ಕದ ಮನೆಗೆ ಕೊಟ್ಟುಬಿಡು. ಧೈರ್ಯಕ್ಕೆ ನಾನು ಬರ್ತಿದೀನಲ್ಲ.

ನಡುವೆ ಏನು ಉಳಿಯುತ್ತೆ ಅಂತ ಕೇಳಿದೀಯ. ತಲೆಕೆಟ್ಟವಳೇ. ನಾಲ್ಕು ಚಮಚ ತಿಂದು ಎದ್ದರೆ, ಪಾತ್ರೆ ಬೇಗ ತೊಳೆದಾಗುತ್ತೆ. ಆಮೇಲೆ ಕೂತು ಮಾತಾಡೋಣ. ಇಷ್ಟು ವರ್ಷ ಬಡಿಸೋ ಗಡಿಬಿಡಿಯಲ್ಲಿ ನಾವು ಮಾತಾಡಿದ್ದೇ ಕಡಿಮೆ.

ನಿನ್ನ
ಚಿಕ್ಕಮ್ಮ

ತಾ.ಕ.: ನೀನು ನಂಬದ ಆ ಕಾಲು ಪಾಲೇ ಸರಿ ಪುಟ್ಟೀ. ನಿಮ್ಮ ಚಿಕ್ಕಪ್ಪ ಅವತ್ತು ಅಂದಿದ್ದು, ನಮಗೆ ಇಬ್ಬರು ಮಕ್ಕಳೇ ಸಾಕು ಅಂತ. ನಾನು ಕೈಲಿದ್ದ ಸೌಟನ್ನ ಗೋಡೆಗೆ ಎಸೆದೆ. ಬೆಳಿಗ್ಗೆ ನೀನು ಕೇಳಿದಾಗ ಏನು ಹೇಳಬೇಕೋ ತೋಚಲಿಲ್ಲ, ಮಾತನ್ನ ತಿರುಗಿಸಿಬಿಟ್ಟೆ. ಆಮೇಲೆ ಅವರೂ ಬದಲಾದರು. ನಿನಗೆ ಜ್ವರ ಬಂದಾಗ ಶೆಡ್ಡಿಗೆ ಹೋಗದೆ ನಿನ್ನ ತಲೆ ತೊಡೆ ಮೇಲಿಟ್ಟುಕೊಂಡು ಕೂತಿದ್ದರು, ಅದು ಸುಳ್ಳಲ್ಲ. ಆದರೆ ಆ ಬೆಳಿಗ್ಗೆ ನಿನಗೆ ಹೇಳಿದ ಮಾತು ಅವರದ್ದಲ್ಲ. ನಿನ್ನನ್ನ ಸಾಕು ಅಂತ ನನಗೆ ಹೇಳಿದ್ದು ನಾನೇ.