ಕಮಾನಿಗೆ ಅಂಟಿಸಿದ ಗಾಜು

ಜೂನ್ ೩, ಬೆಳಿಗ್ಗೆ
ಹಾಲು ಕುಡಿಸಿ, ಮಗುವನ್ನು ಆಯಾ ಕೈಗೆ ಕೊಟ್ಟು ಏಣಿ ಹತ್ತಿದೆ. ಹಳೇ ಸಭಾಂಗಣದ ಅರ್ಧಕ್ಕೆ ಪ್ಲೈವುಡ್ ಅಡ್ಡ ಹಾಕಿ ಸಿಬ್ಬಂದಿಯ ಮಕ್ಕಳಿಗೆ ಬೇಬಿ ಸಿಟ್ಟಿಂಗ್ ಮಾಡಿದ್ದಾರೆ. ಆ ಅನುಕೂಲಕ್ಕೇ ಈ ಕೆಲಸ ಒಪ್ಪಿದ್ದು — ವಿಶ್ವವಿದ್ಯಾಲಯದ ನೂರನೇ ವರ್ಷಕ್ಕೆ ಕಟ್ಟಡದ ಚರಿತ್ರೆ, ನಕ್ಷೆ. ಆರ್ಕಿಟೆಕ್ಚರ್ ಓದಿದ್ದಕ್ಕೆ ಇಷ್ಟಾದರೂ ಆಯಿತು.
ಮಧ್ಯದ ಕಮಾನಿನ ನೆತ್ತಿಯಲ್ಲಿ ಬಿರುಕು. ಕೂದಲೆಳೆಯಷ್ಟು. ಅದರ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಗಾರೆ ಹಾಕಿ ಕೂರಿಸಿದೆ. ಕಮಾನು ಅಲುಗಿದರೆ ಗಾಜು ಒಡೆಯುತ್ತೆ. ಇಲ್ಲದಿದ್ದರೆ ನನ್ನ ಭ್ರಮೆ.
ನಿನ್ನೆಯೂ ನಿದ್ದೆ ಇಲ್ಲ. ಉಸಿರಾಡ್ತಿದೆಯಾ ಅಂತ ಮಗುವಿನ ಮೂಗಿನ ಹತ್ತಿರ ಬೆರಳಿಡೋದೇ ಆಯಿತು.

ಜೂನ್ ೧೧
ಗಾಜು ಒಡೆದಿದೆ. ಕ್ಯಾಂಪಸ್ ಎಂಜಿನಿಯರ್‌ಗೆ ತೋರಿಸಿದೆ. ಧೂಳು ಹೊಡೆಯುವ ಕೋಲು ತಗಲಿರಬೇಕಂತೆ. “ಮನೇಲಿ ಮಗು ಅತ್ತೂ ಅತ್ತೂ, ಇಲ್ಲಿ ಗೋಡೆ ಅತ್ತ ಹಾಗೆ ಕೇಳಿಸ್ತಿದೆ ನಿಮಗೆ, ಮೇಡಂ.” ಇನ್ನೊಂದು ಗಾಜು ಕೂರಿಸಿದೆ.
ಮನೆಯಲ್ಲಿ ಹೇಳಿದೆ. ಅತ್ತೆ — ಇವಳು ಹಗ್ಗ ಕಂಡರೂ ಹಾವು ಅನ್ನೋಳು. ಇವರು ಮೊಬೈಲಿನಿಂದ ತಲೆ ಎತ್ತಲಿಲ್ಲ.

ಜೂನ್ ೧೨
ಕಟ್ಟಿದ ಕಾಲದ ಫೋಟೋ ಸಿಕ್ಕಿತು. ಕಮಾನಿನ ಎರಡು ಕಾಲುಗಳ ನಡುವೆ ಅಡ್ಡ ಕಬ್ಬಿಣದ ಸರಳು. ಈಗಿಲ್ಲ. ಗೋಡೆಯಲ್ಲಿ ಕೊಯ್ದ ತುದಿ ಇದೆ, ಮೇಲೆ ಬಣ್ಣ. ಎಂಜಿನಿಯರ್‌ನ ಕೇಳಿದರೆ, ಸಿನಿಮಾ ಪರದೆಗೆ ಅಡ್ಡ ಬರ್ತಿತ್ತು, ತಾವು ಸೇರಿದ ಹೊಸದರಲ್ಲಿ ತೆಗೆಸಿದರು ಅಂದರು. ಏನೋ ಹಳೇ ಮೊಳೆ ಕಿತ್ತ ಹಾಗೆ.
ಹೆರಿಗೆಯಾದ ಮೇಲೆ ಅಮ್ಮ ನನ್ನ ಸೊಂಟಕ್ಕೆ ಬಟ್ಟೆ ಬಿಗಿಯುತ್ತಿದ್ದಳು. ಕಮಾನಿಗೂ ಅದೇ. ಭಾರಕ್ಕೆ ಕಾಲು ಅಗಲಿಸುತ್ತೆ, ಸರಳು ಹಿಡಿದಿರುತ್ತೆ.

ಜೂನ್ ೧೯
ಎರಡನೆಯದೂ ಒಡೆಯಿತು.
ಕಮಾನು ಅಪಾಯ ಅಂತ ಬರೆದುಕೊಟ್ಟರೆ ಸಭಾಂಗಣಕ್ಕೆ ಬೀಗ. ಬೇಬಿ ಸಿಟ್ಟಿಂಗ್ ಬಂದ್. ಮಗುವನ್ನು ಬಿಡಲು ಬೇರೆ ಜಾಗವಿಲ್ಲ, ಅತ್ತೆಗೆ ಮಂಡಿನೋವು. ನನ್ನ ಕೆಲಸಕ್ಕೂ ಬೀಗ. ಸುಮ್ಮನಿದ್ದುಬಿಟ್ಟರೆ...
ಪ್ಲೈವುಡ್ ಆಚೆ ಹೋದೆ. ಕಮಾನಿನ ಕೆಳಗೇ ಮಕ್ಕಳೆಲ್ಲ ಚಾಪೆ ಮೇಲೆ ನಿದ್ದೆ. ನನ್ನದರ ಹಣೆ ಮೇಲೆ ಸುಣ್ಣದ ಪುಡಿ. ನೀವೇ ಪೌಡರ್ ಹಚ್ಚಿದ್ದು ಅಂದ್ಕೊಂಡೆ ಅಂದಳು ಆಯಾ.

ಜೂನ್ ೨೦
ಬರೆದುಕೊಟ್ಟೆ. ಎಂಜಿನಿಯರ್ ಮುಖ ಗಂಟು. ಮೂರನೇ ಗಾಜು ತಾವೇ ಏಣಿ ಹತ್ತಿ ಕೂರಿಸಿ, ಬೀಗ ಹಾಕಿ, ಕೀಲಿ ಜೇಬಿಗೆ ಇಳಿಸಿದರು. “ಇದು ಒಡೀಲಿಲ್ಲ ಅಂದ್ರೆ, ಆ ತಾಯಂದಿರಿಗೆಲ್ಲ ನೀವೇ ಉತ್ತರ ಕೊಡಿ.”
ಆಯಾ ಚಾಪೆ ಸುತ್ತುತ್ತಿದ್ದಳು. ನನ್ನತ್ತ ನೋಡಲಿಲ್ಲ.

ಜುಲೈ ೮
ಮನೆ. ಬರೆಯೋಕೆ ಏನಿದೆ — ಬಾಟಲಿ, ಬಟ್ಟೆ, ಬಾಟಲಿ. ಅಂಗಡಿಯಲ್ಲಿ ಲೈಬ್ರರಿಯವಳು ಸಿಕ್ಕಳು. ಅವಳ ಮಗುವನ್ನೂ ಆ ಬೇಬಿ ಸಿಟ್ಟಿಂಗ್‌ನಲ್ಲೇ ಬಿಡುತ್ತಿದ್ದಳು. ಮುಖ ತಿರುಗಿಸಿದಳು. ನಿನ್ನನ್ನ ಡಾಕ್ಟರಿಗೆ ತೋರಿಸೋಣ್ವಾ ಅಂದರು ಇವರು, ಮೆತ್ತಗೆ. ಹೂಂ ಅಂದೆ. ಗಾಜಿಗೆ ಕೋಲು ತಗಲಿದ್ದರೂ ತಗಲಿರಬಹುದು.

ಜುಲೈ ೧೦, ಮಧ್ಯಾಹ್ನ
ಎಂಜಿನಿಯರ್ ಫೋನ್. ಇವತ್ತೇ ಬೀಗ ತೆಗೆದರಂತೆ. ಅಲ್ಲೀತನಕ ಒಳಗೆ ಯಾರೂ ಹೋಗಿಲ್ಲ.
“ಒಡೆದಿದೆ ಮೇಡಂ. ಮಕ್ಕಳ ಚಾಪೆ ಹಾಸ್ತಿದ್ರಲ್ಲ... ಅಲ್ಲಿ ಇಟ್ಟಿಗೆ ಬಿದ್ದಿವೆ.”
ಆಮೇಲೆ, ಸರಳು ಎಷ್ಟು ದಪ್ಪದ್ದು ಬೇಕು ಅಂತ ಕೇಳಿದರು. ನಾಳೆ ಹೇಳ್ತೀನಿ ಅಂದೆ.
ಮಗು ಪಕ್ಕದಲ್ಲಿ ಮಲಗಿದೆ. ಮೂಗಿನ ಹತ್ತಿರ ಬೆರಳಿಡಬೇಕು ಅಂದುಕೊಂಡೆ — ಇಡಲಿಲ್ಲ. ಕಣ್ಣು ಎಳೀತಿದೆ. ಎದ್ದ ಮೇಲೆ ಹೇಳಬೇಕು — ಹಗ್ಗ ಅಲ್ಲ ಅತ್ತೆ, ಅದು